ಬಾಯಿ ತೆರೆದ ದಿನಗಳು

೯ ಜೂನ್ ೨೦೨೫, ಸೋಮವಾರ

ದಾವಣಗೆರೆಯ ಹೃದಯದ ಆಸ್ಪತ್ರೆಗೆ ಹೋಗಿಬಂದೆವು. ನಾನು, ಹೆಂಡತಿ ಬಸವಣ್ಣೆಮ್ಮ, ಮಗ ಪ್ರಶಾಂತ. ನನ್ನ ಎದೆಯೊಳಗಿನ ಒಂದು ಕವಾಟ ಗಟ್ಟಿಯಾಗಿ ಅರ್ಧವೂ ತೆರೆಯುತ್ತಿಲ್ಲವಂತೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು, ಬಗ್ಗಿ ಎದ್ದರೆ ಕಣ್ಣಿಗೆ ಕತ್ತಲೆ ಕಟ್ಟುವುದು ಎಲ್ಲ ಅದರಿಂದಲೇ. ಹೊಸ ಕವಾಟ ಕೂಡಿಸಬೇಕು ಎಂದರು. ಆಗಲಿ ಎಂದೆ. ನನಗೀಗ ಅರವತ್ತೇಳು. ಮೂವತ್ತೈದು ವರ್ಷ ಹರಿಹರದಲ್ಲಿ ಗೊಬ್ಬರ, ಕ್ರಿಮಿನಾಶಕದ ಅಂಗಡಿ ನಡೆಸಿದ ಪರಮೇಶ್ವರಪ್ಪ ಹೆದರುವ ಆಸಾಮಿಯಲ್ಲ.

ಆಮೇಲೆ ಆ ಡಾಕ್ಟರು ಟಾರ್ಚ್ ತೆಗೆದು, "ಬಾಯಿ ತೆಗೀರಿ ಯಜಮಾನ್ರೆ" ಎಂದರು. ಎದೆಯ ಡಾಕ್ಟರಿಗೆ ನನ್ನ ಬಾಯಿ ಯಾಕೆ? ತೆರೆದೆ. ಎಲ್ಲ ಕಡೆ ಬೆಳಕು ಬಿಟ್ಟು ನೋಡಿದರು.

"ಈ ಬಾಯಿ ಹಿಂಗೇ ಇದ್ರೆ ನಾನು ಕವಾಟ ಹಾಕಂಗಿಲ್ರಿ. ಹಲ್ಲಿನ ಪಾಚಿಯಾಗಿನ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದು ಹೊಸ ಕವಾಟಕ್ಕೆ ಅಂಟಿಕೊಂಡ್ರೆ ಪ್ರಾಣಕ್ಕೇ ಅಪಾಯ. ಮೊದಲು ಹಲ್ಲಿನ ಡಾಕ್ಟರ ಹತ್ರ ಬಾಯಿ ಚೊಕ್ಕ ಐತೆ ಅಂತ ಬರೆಸ್ಕೊಂಡು ಬರ್ರಿ."

ಕಾರಿನಲ್ಲಿ ಪ್ರಶಾಂತ, "ರಶ್ಮಿತಾ ಇರೋ ಡೆಂಟಲ್ ಕಾಲೇಜಿಗೇ ಹೋಗಾಣ ಅಪ್ಪಾಜಿ" ಎಂದ. ನಾನು ಕಿಟಕಿಯ ಆಚೆ ನೋಡಿದೆ.

೧೧ ಜೂನ್, ಬುಧವಾರ

ಇದು ನಾನೊಬ್ಬನೇ ಓದುವ ಪುಸ್ತಕ. ಹಾಗಾಗಿ ಬರೆದಿಡುತ್ತೇನೆ.

ಪ್ರಶಾಂತನ ಹೆಂಡತಿಗೆ ದಾವಣಗೆರೆಯ ಡೆಂಟಲ್ ಕಾಲೇಜಿನ ಲ್ಯಾಬಿನಲ್ಲಿ ಕೆಲಸ. ರೋಗಿಗಳ ಹಲ್ಲಿನಿಂದ ಕೆರೆದು ತೆಗೆದ ಪಾಚಿಯನ್ನು ತಟ್ಟೆಯಲ್ಲಿ ಬೆಳೆಸಿ, ಅದರಲ್ಲಿ ಯಾವ ರೋಗಾಣು ಇದೆ ಎಂದು ನೋಡುವುದು. ಮದುವೆಯಾದ ಹೊಸತರಲ್ಲಿ ಒಂದು ದಿನ ಕೆಲಸದಿಂದ ಬಂದವಳು ಕೈತೊಳೆದು ದೇವರ ಮನೆಗೆ ದೀಪ ಹಚ್ಚಲು ಹೋದಳು. "ಕಂಡವರ ಬಾಯಿ ಹೊಲಸು ಮುಟ್ಟಿದ ಕೈ ದೇವರ ಮನೆಗೆ ಬ್ಯಾಡ" ಎಂದೆ. ಆಕೆ ಬೆಂಕಿಪೆಟ್ಟಿಗೆಯನ್ನು ಕೆಳಗಿಟ್ಟು ಹೊರಗೆ ಬಂದಳು. ಮರುತಿಂಗಳೇ ಪ್ರಶಾಂತ ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಮನೆ ಮಾಡಿದ. ಅಂಗಡಿಗೆ ಅಲ್ಲಿಂದ ದಿನಾ ಬಂದುಹೋಗುತ್ತಾನೆ. ಆಕೆ ಹಬ್ಬಕ್ಕೆ ಬರುತ್ತಾಳೆ, ಕಾಲು ಮುಟ್ಟುತ್ತಾಳೆ, ಹೋಗುತ್ತಾಳೆ. ಮೂರು ವರ್ಷ ಆಯಿತು.

ನಾನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಮನೆಯ ಆಚಾರ ಹಾಗಿದೆ.

೧೨ ಜೂನ್, ಗುರುವಾರ

ಡೆಂಟಲ್ ಕಾಲೇಜಿನ ಡಾಕ್ಟರ್ ಹೆಸರು ಮುಸರತ್. ನಲವತ್ತರ ಆಸುಪಾಸು, ಹರಿಹರದವರೇ. ಅವರ ತಂದೆಯ ಕಟ್ಟಿಗೆ ಅಡ್ಡೆ ನನಗೆ ಗೊತ್ತು.

"ಹಲ್ಲು ನೋವು ಬಂದಾಗ ಏನ್ ಮಾಡ್ತಿದ್ರಿ?"

"ಕೊಟ್ಟೂರೇಶನ ಮೆಡಿಕಲ್ ಶಾಪ್ ಐತಲ್ರಿ ನಮ್ಮ ಓಣ್ಯಾಗ, ಅಲ್ಲಿ ಮಾತ್ರೆ ತಗೊಂತಿದ್ದೆ. ಕೆಂಪು–ಹಳದಿ ಕ್ಯಾಪ್ಸೂಲು."

"ಎಷ್ಟು ದಿನ ನುಂಗ್ತಿದ್ರಿ?"

"ನೋವು ಹೋಗೋತನಕ. ಒಂದು ದಿನ, ಹೆಚ್ಚಂದ್ರೆ ಎರಡು ದಿನ."

"ವರ್ಷಕ್ಕೆ ಎಷ್ಟು ಸಲ?"

"ನಾಕೈದು ಸಲ ಆಗಬಹುದು. ಹತ್ತು ಹನ್ನೆರಡು ವರ್ಷದಿಂದ."

ಡಾಕ್ಟರ್ ಅದನ್ನು ಚೀಟಿಯಲ್ಲಿ ಬರೆದುಕೊಂಡರು. ಬಲಗಡೆಯ ದವಡೆ ಹಲ್ಲಿನ ಬುಡದಲ್ಲಿ ಕೀವು ಇದೆಯಂತೆ. ಯಾವ ಔಷಧಿಗೆ ಬಗ್ಗುತ್ತದೆ ಎಂದು ಮೊದಲು ಪರೀಕ್ಷೆ ಮಾಡೋಣ ಎಂದು ಹಲ್ಲಿನ ಸಂದಿಯಿಂದ ಬೆಳ್ಳಗೆ ಅಂಟಂಟು ಏನನ್ನೋ ಕೆರೆದು ಒಂದು ಸಣ್ಣ ಸೀಸೆಗೆ ಹಾಕಿದರು. ಅದನ್ನು ತೆಗೆದುಕೊಂಡು ಹೋಗಲು ಬಂದವಳು ಪ್ರಶಾಂತನ ಹೆಂಡತಿ. ಬಿಳಿ ಕೋಟು, ಮುಖಕ್ಕೆ ಮಾಸ್ಕು. ನನ್ನ ಬಾಯಿಯ ಹೊಲಸಿನ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ, ಹೆಸರು ಬರೆದ ಚೀಟಿ ಅಂಟಿಸಿದಳು. ಕಣ್ಣಲ್ಲಿ ಯಾವ ಭಾವವೂ ಕಾಣಲಿಲ್ಲ.



೧೬ ಜೂನ್, ಸೋಮವಾರ

ಇವತ್ತು ಬಹಳ ಬರೆಯುವುದಿದೆ.

ಡಾಕ್ಟರ್ ಮುಸರತ್ ನನ್ನನ್ನು ಲ್ಯಾಬಿಗೇ ಕರೆದುಕೊಂಡು ಹೋದರು. ಅಂಗೈಯಗಲದ ಒಂದು ತಟ್ಟೆ. ಅದರಲ್ಲಿ ರಕ್ತ ಬೆರೆಸಿದ ಕೆಂಪು ಪದರ. ಅದರ ಮೇಲೆ ಬಿಳಿ ಕಾಗದದ ಏಳು ಬಿಲ್ಲೆಗಳು. ಒಂದೊಂದು ಬಿಲ್ಲೆಗೂ ಒಂದೊಂದು ಆಂಟಿಬಯೋಟಿಕ್ ಸವರಿರುತ್ತಾರಂತೆ. "ನೀನೇ ಹೇಳಮ್ಮ" ಎಂದು ಡಾಕ್ಟರ್ ಪ್ರಶಾಂತನ ಹೆಂಡತಿಗೆ ಹೇಳಿ ಹೊರಟುಹೋದರು.

ಆಕೆ ನೆಲ ನೋಡಿಕೊಂಡು ಶುರು ಮಾಡಿದಳು. "ಇದು ನಿಮ್ಮ ಪಾಚಿಯಾಗಿಂದ ಬೆಳೆದ ಬ್ಯಾಕ್ಟೀರಿಯಾ, ಮಾವಾರೆ. ಬಿಲ್ಲೆ ಸುತ್ತ ಖಾಲಿ ಉಂಗುರ ಬಂದ್ರೆ ಆ ಔಷಧಿ ಇದನ್ನ ಕೊಲ್ತೈತೆ ಅಂತ. ಉಂಗುರ ಇಲ್ಲ ಅಂದ್ರೆ ಇದು ಔಷಧಿಗೆ ಜಗ್ಗಂಗಿಲ್ಲ."

ಉಂಗುರ ಇದ್ದದ್ದು ಎರಡಕ್ಕೆ ಮಾತ್ರ. ಉಳಿದ ಐದು ಬಿಲ್ಲೆಗಳನ್ನು ಬ್ಯಾಕ್ಟೀರಿಯಾ ಮುತ್ತಿಕೊಂಡು ಬೆಳೆದಿತ್ತು. ನನ್ನ ಕೆಂಪು–ಹಳದಿ ಕ್ಯಾಪ್ಸೂಲಿನ ಬಿಲ್ಲೆ ಯಾವುದು ಎಂದು ಕೇಳಿದೆ. ತೋರಿಸಿದಳು. ಅದರ ಅಂಚಿಗೂ ಹತ್ತಿಕೊಂಡಿತ್ತು.

ನಾನು ಬಹಳ ಹೊತ್ತು ನೋಡಿದೆ. ಆಮೇಲೆ ನನ್ನ ಬಾಯಿಂದ ತಾನಾಗಿ ಬಂತು: "ಜಿಗಿಹುಳ."

"ಏನ್ ಮಾವಾರೆ?"

"ಭತ್ತಕ್ಕೆ ಬೀಳೋ ಜಿಗಿಹುಳ. ಕೊಕ್ಕನೂರಿನ ಓಬಯ್ಯ ಬರ್ತಿದ್ದ ನಮ್ಮ ಅಂಗಡಿಗೆ. ಮೊದಲು ಒಂದು ಮುಚ್ಚಳ ಹುಳದ ಎಣ್ಣೆ ಹೊಡೆದ್ರೆ ಹುಳ ಸಾಯ್ತಿತ್ತು. ಆಮ್ಯಾಲೆ ಎರಡು ಮುಚ್ಚಳ. ಆಮ್ಯಾಲೆ ಮೂರು ಹೊಡೆದ್ರೂ ಎಣ್ಣೆ ಕುಡಿದು ಕುಣೀತಿತ್ತು. ಸಾಯೋ ಹುಳ ಎಲ್ಲ ಸತ್ತು, ಸಾಯದೇ ಇರೋವು ಮರಿ ಹಾಕಿದ್ವು."

ಆಕೆ ತಲೆಯೆತ್ತಿ ನೋಡಿದಳು. "ಇದೂ ಹಂಗೇ ಮಾವಾರೆ. ಡಾಕ್ಟರ್ ಕೋರ್ಸಿಗೆ ಬರೋ ಹುಡುಗ್ರಿಗೆ ತಿಳಿಸೋಕೆ ಒಂದು ತಾಸು ಬೇಕು, ನೀವು ಒಂದೇ ಸಲಕ್ಕೆ ಹೇಳಿಬಿಟ್ರಿ. ಆದ್ರೆ ಇವು ಹುಳಕ್ಕಿಂತ ಚಾಲಾಕಿ. ಒಂದು ಉಳಕೊಂಡ್ರೆ ಪಕ್ಕದ್ದಕ್ಕೂ ಆ ವಿದ್ಯೆ ದಾಟಿಸ್ತೈತೆ. ಹಲ್ಲಿನ ಮ್ಯಾಲೆ ಪದರದ ಮ್ಯಾಲೆ ಪದರ ಕಟ್ಕೊಂಡು ಕೂತಿರ್ತಾವೆ, ಮಾತ್ರೆ ಒಳಗಿನತನಕ ಮುಟ್ಟೋದೇ ಇಲ್ಲ."

"ಹಂಗಾದ್ರೆ ಇದಕ್ಕೆ ಏನು ಔಷಧಿ?"

"ಕೆರೆದು ತೆಗೆಯೋದೇ ಮೊದಲ ಔಷಧಿ. ಉಂಗುರ ಬಂದ ಈ ಎರಡನ್ನ ಕಷ್ಟಕಾಲಕ್ಕೆ ಇಟ್ಕೋಬೇಕು."

ಕಾಲು ಗಂಟೆ ಆಗಿರಬೇಕು ಎಂದುಕೊಂಡಿದ್ದೆ, ಹೊರಗೆ ಬಂದಾಗ ಬಸವಣ್ಣೆಮ್ಮ, "ಒಂದು ತಾಸು ಆತು, ಒಳಗೆ ಏನ್ ಮಾಡ್ತಿದ್ರಿ?" ಎಂದಳು.

ಓಬಯ್ಯನಿಗೆ "ಇನ್ನೊಂದು ಮುಚ್ಚಳ ಹಾಕು" ಎಂದವನು ನಾನೇ ಎಂಬುದನ್ನು ಪ್ರಶಾಂತನ ಹೆಂಡತಿಗೆ ಹೇಳಲಿಲ್ಲ.

೨೦ ಜೂನ್, ಶುಕ್ರವಾರ

ಡಾಕ್ಟರ್ ಮುಸರತ್ ಹಲ್ಲುಗಳ ಬುಡವನ್ನೆಲ್ಲ ಕೆರೆದು ಸ್ವಚ್ಛ ಮಾಡಿದರು. ಎಡಗಡೆಯ ಒಂದು ದವಡೆ ಹಲ್ಲು ಕಿತ್ತರು. ಬಲಗಡೆಯದನ್ನೂ ಕೀಳಬೇಕು ಎಂದರು. ಅದೊಂದರಲ್ಲೇ ರೊಟ್ಟಿ ಅಗಿಯುವುದು, ಅದು ಬೇಡ ಎಂದೆ. ಯೋಚನೆ ಮಾಡಿ ಎಂದರು. ಮಾಡುವುದೇನಿದೆ?

ಮನೆಯಲ್ಲಿ ಉಜ್ಜುವುದನ್ನು ಬೇರೆಯವರು ನೋಡಿ ಹೇಳಬೇಕಂತೆ. ಕೆಂಪು ಬಣ್ಣದ ಹನಿ ಕೊಟ್ಟಿದ್ದಾರೆ. ಬಾಯಲ್ಲಿ ಹಾಕಿ ಮುಕ್ಕಳಿಸಿದರೆ ಪಾಚಿ ಉಳಿದ ಕಡೆ ಕೆಂಪಾಗುತ್ತದೆ. ಬಸವಣ್ಣೆಮ್ಮನಿಗೆ ಕಣ್ಣು ಮಂಜು. ಪ್ರಶಾಂತನ ಹೆಂಡತಿ ದಿನಾ ಬೆಳಿಗ್ಗೆ ಅವನ ಜೊತೆ ಹರಿಹರಕ್ಕೆ ಬಂದು ನೋಡಿ, ಒಂಬತ್ತರ ಬಸ್ಸಿಗೆ ಕೆಲಸಕ್ಕೆ ಹೋಗುತ್ತಾಳಂತೆ. ನನ್ನನ್ನು ಕೇಳಿ ಮಾಡಿದ ಏರ್ಪಾಡಲ್ಲ.

೨೧ ಜೂನ್, ಶನಿವಾರ

ಅರವತ್ತು ವರ್ಷದಿಂದ ಹಲ್ಲುಜ್ಜುತ್ತಿದ್ದೇನೆ. ಬಾಯೆಲ್ಲ ಕೆಂಪು. ನೂರಕ್ಕೆ ಎಂಬತ್ತೊಂದು ಕಡೆ ಪಾಚಿಯಂತೆ. ಅವಮಾನ.

೨೬ ಜೂನ್, ಗುರುವಾರ

ಐವತ್ತೆರಡಕ್ಕೆ ಇಳಿದಿದೆ. ಅಂಗಳದಲ್ಲಿ ಕುರ್ಚಿ ಹಾಕಿ, ಬಿಸಿಲಿಗೆ ಮುಖ ಮಾಡಿ ಕೂಡಿಸುತ್ತಾಳೆ. "ಆ ಅನ್ರಿ" ಎನ್ನುತ್ತಾಳೆ. ಬ್ರಷ್ಷನ್ನು ಒಸಡಿಗೆ ಓರೆಯಾಗಿ ಹಿಡಿದು ಸಣ್ಣಗೆ ಅಲ್ಲಾಡಿಸಬೇಕು, ನಾನು ಮಡಿಬಟ್ಟೆ ಉಜ್ಜಿದ ಹಾಗೆ ಉಜ್ಜುತ್ತೇನಂತೆ. ಇವತ್ತು ಹಾಲಿನ ಹೊನ್ನಕ್ಕ ಬಂದವಳು ನನ್ನ ಕೆಂಪು ಬಾಯಿ ನೋಡಿ, "ಯಜಮಾನ್ರು ಎಲಿ ಅಡಿಕೆ ಶುರು ಮಾಡ್ಯಾರೇನ್ರಿ?" ಎಂದಳು. ರಶ್ಮಿತಾ ಮುಖ ತಿರುಗಿಸಿ ನಕ್ಕಳು. ಆಕೆ ನಗುವುದನ್ನು ನಾನು ಮೊದಲು ನೋಡಿದ್ದು ಇವತ್ತೇ ಇರಬೇಕು.

೩೦ ಜೂನ್, ಸೋಮವಾರ

ಬಲಗಡೆ ಹಲ್ಲು ಶನಿವಾರದಿಂದ ಸಿಡಿಯುತ್ತಿತ್ತು. ಹೇಳಿದರೆ ಕೀಳುತ್ತಾರೆ. ಕೊಟ್ಟೂರೇಶನಲ್ಲಿಗೆ ಹೋಗಿ ಅದೇ ಕ್ಯಾಪ್ಸೂಲು ತಂದು ನುಂಗಿದೆ, ನಿನ್ನೆ ಮೂರು, ಇವತ್ತು ಎರಡು. ಕೆಲಸ ಮಾಡುವುದಿಲ್ಲ ಎಂದು ತಟ್ಟೆಯಲ್ಲಿ ಕಣ್ಣಾರೆ ನೋಡಿದ್ದೇನೆ. ಆದರೂ ಕೈ ಅತ್ತಲೇ ಹೋಯಿತು. ಬೆಳಿಗ್ಗೆ ರಶ್ಮಿತಾ ಬಾಯಿ ನೋಡುವಾಗ ಒಸಡು ಊದಿದೆ ಎಂದಳು. ಪೇರಲದ ಬೀಜ ಸಿಕ್ಕಿತ್ತು ಎಂದೆ.

೨ ಜುಲೈ, ಬುಧವಾರ

ಚಳಿಜ್ವರ. ನೂರಾ ಎರಡು. ಬರೆಯಲಾಗದು.

೪ ಜುಲೈ, ಶುಕ್ರವಾರ, ಆಸ್ಪತ್ರೆ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ.

ಹೃದಯದ ಆಸ್ಪತ್ರೆಯಲ್ಲಿ ಸೇರಿಸಿಕೊಂಡರು. ಹಲ್ಲಿನ ರೋಗಾಣು ರಕ್ತಕ್ಕೆ ಇಳಿದು ಈಗಿರುವ ಕವಾಟಕ್ಕೇ ಹತ್ತಿಕೊಂಡಿದೆಯೋ ಎಂಬ ಅನುಮಾನ. ಹಾಗಿದ್ದರೆ ಉಳಿಯುವುದು ಕಷ್ಟ ಎಂದು ಪ್ರಶಾಂತನ ಮುಖವೇ ಹೇಳುತ್ತಿತ್ತು. ಡಾಕ್ಟರು ಕೇಳಿದರು: "ಈ ಎರಡು ವಾರದಾಗ ಯಾವುದಾದ್ರೂ ಆಂಟಿಬಯೋಟಿಕ್ ತಗೊಂಡೀರಾ?"

"ಇಲ್ಲ" ಎಂದೆ. ಬಸವಣ್ಣೆಮ್ಮ, ಪ್ರಶಾಂತ, ರಶ್ಮಿತಾ ಎಲ್ಲರೂ ನಿಂತಿದ್ದರು.

ರಕ್ತ ತೆಗೆದು ಬಾಟಲಿಗಳಿಗೆ ತುಂಬಿದರು. ಅದರಲ್ಲಿ ಐದು ದಿನ ಏನಾದರೂ ಬೆಳೆಯುತ್ತದೋ ಎಂದು ಕಾಯುತ್ತಾರೆ. ರಶ್ಮಿತಾ ಬಸವಣ್ಣೆಮ್ಮನ ಬೆನ್ನು ಸವರುತ್ತ, "ಬಾಟಲಿಯಾಗ ಏನೂ ಬೆಳೀಲಿಲ್ಲ ಅಂದ್ರೆ ಮಾವಾರು ಪಾರಾದಂಗೆ ಅತ್ತಿ. ಅದೇ ಆಗ್ತೈತೆ, ನೋಡ್ತಿರ್ರಿ" ಎಂದಳು.

ಆಗ ನನಗೆ ಹೊಳೆಯಿತು. ಔಷಧಿ ಹೊಡೆದ ಮರುದಿನ ಗದ್ದೆಗೆ ಹೋದರೆ ಹುಳ ಬುಡದಲ್ಲಿ ಅಡಗಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ನಾನು ನುಂಗಿದ ಕ್ಯಾಪ್ಸೂಲಿನಿಂದ ಬಾಟಲಿಯಲ್ಲಿ ಏನೂ ಬೆಳೆಯದೇ ಹೋಗಬಹುದು. ಇವರು ಪಾರಾದೆ ಎಂದು ನಂಬುತ್ತಾರೆ. ಈ ಹುಡುಗಿ ನಂಬುತ್ತಾಳೆ.

"ಅವ್ವಾ, ಇಲ್ಲಿ ಬಾ" ಎಂದು ರಶ್ಮಿತಾಳನ್ನು ಕರೆದೆ.

ಬಂದಳು.

"ನಾನು ಸುಳ್ಳು ಹೇಳಿದೆ. ಭಾನುವಾರ, ಸೋಮವಾರ ಕೊಟ್ಟೂರೇಶನ ಕ್ಯಾಪ್ಸೂಲು ನುಂಗೀನಿ. ಪೇರಲದ ಬೀಜ ಅಂದಿದ್ದೂ ಸುಳ್ಳು."

ಬಸವಣ್ಣೆಮ್ಮ "ಅಯ್ಯೋ ಶಿವನೆ" ಎಂದು ಕೂತುಬಿಟ್ಟಳು. ಪ್ರಶಾಂತ ಬಾಯಿಗೆ ಬಂದದ್ದನ್ನು ತಡೆದುಕೊಂಡ. ರಶ್ಮಿತಾ ಬೈಯುತ್ತಾಳೆ ಎಂದುಕೊಂಡೆ. ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತಳು.

"ಎಷ್ಟು ನುಂಗಿದ್ರಿ? ಕಡೇದು ಯಾವಾಗ?"

"ಐದು. ಸೋಮವಾರ ಮಧ್ಯಾಹ್ನ."

"ಬಾಯಿ ಬಿಟ್ಟು ಹೇಳಿದ್ರಲ್ಲ ಮಾವಾರೆ, ಅಷ್ಟು ಸಾಕು" ಎಂದು ಅಂಗೈಯಲ್ಲಿ ಬರೆದುಕೊಂಡು ಡಾಕ್ಟರ ಕೋಣೆಗೆ ಓಡಿದಳು.

ಡಾಕ್ಟರು ಬಂದು ನಾಲ್ಕು ಮಾತು ಅಂದರು. ಅನ್ನಲಿ. ಎರಡು ದಿನ ಯಾವ ಆಂಟಿಬಯೋಟಿಕ್ಕೂ ಕೊಡದೆ ಕಾದು, ಮತ್ತೆ ರಕ್ತ ತೆಗೆಯುತ್ತಾರಂತೆ. ಎದೆಯ ಸ್ಕ್ಯಾನೂ ಮಾಡುತ್ತಾರೆ. ಜ್ವರ ಇದ್ದೇ ಇದೆ. ಮನಸ್ಸು ಯಾಕೋ ಹಗುರ.

೬ ಜುಲೈ, ಭಾನುವಾರ

ಸ್ಕ್ಯಾನಿನಲ್ಲಿ ಕವಾಟದ ಮೇಲೆ ಏನೂ ಕಂಡಿಲ್ಲ. ಮತ್ತೆ ರಕ್ತ ತೆಗೆದರು. ಆಮೇಲೆ ರಶ್ಮಿತಾಳ ಲ್ಯಾಬಿನ ವರದಿ ನೋಡಿ, ಉಂಗುರ ಬಂದಿದ್ದ ಎರಡು ಔಷಧಿಗಳಲ್ಲಿ ಒಂದನ್ನು ಡ್ರಿಪ್ಪಿನಲ್ಲಿ ಶುರು ಮಾಡಿದರು. "ಈ ವರದಿ ಇಲ್ದಿದ್ರೆ ಕತ್ತಲಾಗ ಕಲ್ಲು ಹೊಡೆದಂಗೆ ಆಗ್ತಿತ್ತು" ಎಂದರು ಡಾಕ್ಟರು. ಆ ವರದಿಯ ಕೆಳಗೆ ಅವಳ ಸಹಿ ಇದೆ. ದುಂಡಗಿನ ಅಕ್ಷರ.

ಬಲಗೈಗೆ ಸೂಜಿ ಚುಚ್ಚಿದ್ದರಿಂದ ಪೂಜೆ ಹೇಗೆಂದು ಯೋಚಿಸುತ್ತಿದ್ದೆ. ಎಡ ಅಂಗೈಯಲ್ಲಿ ಲಿಂಗ ಹಿಡಿದೆ. ನೀರನ್ನು ರಶ್ಮಿತಾ ಹಾಕಿದಳು. ವಿಭೂತಿ, ಪತ್ರೆಯನ್ನೂ ಅವಳೇ ಏರಿಸಿದಳು. ಬಸವಣ್ಣೆಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಏನು ನೋಡುತ್ತಿದ್ದಳೋ, ಸೆರಗಿನಿಂದ ಕಣ್ಣೊರೆಸಿಕೊಂಡಳು.

೮ ಜುಲೈ, ಮಂಗಳವಾರ

ಡಾಕ್ಟರ್ ಮುಸರತ್ ಇಲ್ಲಿಗೇ ಬಂದು ಬಲಗಡೆ ಹಲ್ಲು ಕಿತ್ತರು. ಬುಡದಲ್ಲಿ ಕೀವಿನ ಚೀಲವೇ ಇತ್ತು. ಸಂಜೆಗೆ ಜ್ವರ ಬಿಟ್ಟಿತು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿಂದರೂ ರೊಟ್ಟಿಯೇ.

೧೧ ಜುಲೈ, ಶುಕ್ರವಾರ

ಐದು ದಿನ ಆಯಿತು. ಬಾಟಲಿಗಳಲ್ಲಿ ಏನೂ ಬೆಳೆದಿಲ್ಲ. ರಶ್ಮಿ ಕಾಲೇಜಿನಿಂದ ನೇರ ಬಂದು ಮೆಟ್ಟಿಲಿನಿಂದಲೇ ಕೂಗಿದಳು. ನರ್ಸು ಗದರಿದಳು. ನಾನು ನರ್ಸಿಗೆ, "ಇರಲಿ ಬಿಡವ್ವ, ಇನ್ನೊಂದು ಸಲ ಕೂಗ್ಲಿ" ಎಂದೆ.

೪ ಆಗಸ್ಟ್, ಸೋಮವಾರ

ನೂರಕ್ಕೆ ಒಂಬತ್ತು! ಒಸಡಿನಿಂದ ಹನಿ ರಕ್ತವಿಲ್ಲ. ಬಾಯಿ ಚೊಕ್ಕ ಇದೆ ಎಂದು ಡಾಕ್ಟರ್ ಮುಸರತ್ ಕಾಗದ ಬರೆದುಕೊಟ್ಟರು. ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾ ಪೂರ್ತಿ ಹೋಗಿದೆಯೇ ಎಂದು ಕೇಳಿದೆ. "ಪೂರ್ತಿ ಹೋಗಂಗಿಲ್ರಿ. ಕಳೆ ಹಂಗೆ, ಸ್ವಲ್ಪ ಉಳಿದೇ ಇರ್ತೈತೆ. ನೀವು ದಿನಾ ಕಿತ್ತು ಹಾಕ್ತಿದ್ರೆ ಹರಡೋಕೆ ಜಾಗ ಸಿಗಂಗಿಲ್ಲ" ಎಂದರು. ಇದು ನನಗೆ ಅರ್ಥವಾಗುವ ಭಾಷೆ.

೧೧ ಆಗಸ್ಟ್, ಸೋಮವಾರ

ನಾಳೆ ಆಪರೇಷನ್. ಪ್ರಶಾಂತನಿಗೆ ಅಂಗಡಿಯ ವಿಷಯ ಹೇಳಲು ಹೋದೆ, "ಮುಗಿಸ್ಕೊಂಡು ಬಂದು ಹೇಳಿ ಅಪ್ಪಾಜಿ" ಎಂದ. ಬಸವಣ್ಣೆಮ್ಮ ಕೈ ಬಿಡುತ್ತಿಲ್ಲ. ರಶ್ಮಿ ಕೊನೆಯ ಸಲ ಟಾರ್ಚ್ ಹಿಡಿದು ಬಾಯಿ ನೋಡಿದಳು. ಅವಳಿಗೆ ಹೇಳಬೇಕಾದ ಮಾತೊಂದಿತ್ತು, ದೇವರ ಮನೆಯ ವಿಷಯ. ಬಾಯಿ ತೆರೆದೇ ಇತ್ತು, ಮಾತು ಹೊರಡಲಿಲ್ಲ. ಅವಳು ಟಾರ್ಚ್ ಆರಿಸಿದ ಮೇಲೆ ಹೇಳಿದೆ. "ಆವತ್ತು ನಾನು ಹಂಗೆ ಅನ್ನಬಾರದಿತ್ತು."

ಯಾವತ್ತು ಎಂದು ಅವಳು ಕೇಳಲಿಲ್ಲ. "ಮನಿಗೆ ಬಂದ ಮ್ಯಾಲೆ ದೀಪ ನಾನೇ ಹಚ್ತೀನಿ" ಎಂದಳು.

೨೪ ಆಗಸ್ಟ್, ಭಾನುವಾರ

ಇದ್ದೇನೆ. ಎದೆ ನೋವು. ಅಕ್ಷರ ಕೆಟ್ಟಿದೆ. ಉಸಿರು ಸರಾಗ.

೧೪ ಸೆಪ್ಟೆಂಬರ್, ಭಾನುವಾರ

ಆಸ್ಪತ್ರೆಗೆ ಹತ್ತಿರವೆಂದು ಕೆ.ಬಿ. ಬಡಾವಣೆಯ ಮನೆಯಲ್ಲೇ ಇದ್ದೇವೆ. ಸಣ್ಣ ಮನೆ, ಗಾಳಿ ಬೆಳಕು ಚೆನ್ನಾಗಿದೆ. ನಲವತ್ತು ಹೆಜ್ಜೆಗೆ ಕೂರುತ್ತಿದ್ದವನು ಈಗ ಬೀದಿಯ ಕೊನೆಯವರೆಗೆ ಹೋಗಿಬರುತ್ತೇನೆ.

ಕೊಟ್ಟೂರೇಶ ಸೇಬು ಹಿಡಿದು ನೋಡಲು ಬಂದಿದ್ದ. ಇನ್ನು ಮೇಲೆ ಡಾಕ್ಟರ ಚೀಟಿ ಇಲ್ಲದೆ ಆ ಕ್ಯಾಪ್ಸೂಲು ಕೊಡಬೇಡ ಎಂದೆ. "ಚೀಟಿ ಕೇಳಿದ್ರೆ ಮಂದಿ ಪಕ್ಕದ ಅಂಗಡಿಗೆ ಹೋಗ್ತಾರ್ರೀ" ಎಂದ. ಮೂವತ್ತೈದು ವರ್ಷ ನಾನೂ ಹೀಗೇ ಹೇಳುತ್ತಿದ್ದೆ, ಜಗಳ ಮಾಡಲು ಮನಸ್ಸಾಗಲಿಲ್ಲ. ಶರ್ಟಿನ ಗುಂಡಿ ಬಿಚ್ಚಿ ಹೊಲಿಗೆ ತೋರಿಸಿದೆ. ಬಹಳ ಹೊತ್ತು ನೋಡಿದ. ಹೋಗುವಾಗ, "ಹಲ್ಲುನೋವಿನೋರನ್ನ ಡೆಂಟಲ್ ಕಾಲೇಜಿಗೆ ಕಳಿಸಿದ್ರೆ ಯಾರನ್ನ ಕೇಳಬೇಕ್ರಿ?" ಎಂದು ಕೇಳಿದ. ರಶ್ಮಿಯ ನಂಬರ್ ಕೊಟ್ಟೆ.

೧೨ ಅಕ್ಟೋಬರ್, ಭಾನುವಾರ

ಲ್ಯಾಬಿನಲ್ಲಿ ಜೊತೆಗಾರ್ತಿ ರಜೆಯಂತೆ. ತಟ್ಟೆಗಳು ಭಾನುವಾರ ಎಂದು ಕಾಯುವುದಿಲ್ಲವಂತೆ. ರಶ್ಮಿ ಒಬ್ಬಳೇ ಹೊರಟಿದ್ದಳು. ಮನೆಯಲ್ಲಿ ಕೂತು ಬೇಸರವಾಗಿತ್ತು, ನಾನೂ ಬರುತ್ತೇನೆ ಎಂದೆ. ಡಾಕ್ಟರ್ ಮುಸರತ್‌ಗೆ ಫೋನ್ ಮಾಡಿ ಕೇಳಿದಳು. "ಏನೂ ಮುಟ್ಟಬಾರದು, ದೂರದ ಮೇಜಿನ ಹತ್ರ ಕೂಡ್ರಲಿ" ಎಂದರಂತೆ.

ಅವಳು ಪ್ರತಿ ತಟ್ಟೆಗೂ ಸ್ಕೇಲು ಹಿಡಿದು ಉಂಗುರ ಅಳೆದು, ಗ್ಲೌಸ್ ತೆಗೆದು, ಪುಸ್ತಕದಲ್ಲಿ ಬರೆದು, ಮತ್ತೆ ಗ್ಲೌಸ್ ಹಾಕಿಕೊಳ್ಳುತ್ತಿದ್ದಳು. ಎರಡು ತಟ್ಟೆ ಆಗುವವರೆಗೆ ನೋಡಿದೆ. "ಪುಸ್ತಕ ಇತ್ಲಾಗೆ ಕೊಡು, ನೀನು ಹೇಳ್ತಾ ಹೋಗು, ನಾನು ಬರಿತೀನಿ" ಎಂದೆ. ಕನ್ನಡಕ ಹಾಕಿಕೊಂಡೆ. ಅವಳು ಹೇಳಿದಳು, ನಾನು ಬರೆದೆ. ಹದಿನಾಲ್ಕು. ಸೊನ್ನೆ. ಸೊನ್ನೆ. ಇಪ್ಪತ್ತೊಂದು. ಯಾರದೋ ಬಾಯಿಯ ಪಾಚಿ. ಹೆಸರಿಲ್ಲ, ನಂಬರ್ ಮಾತ್ರ. ಒಂದು ತಟ್ಟೆಯಲ್ಲಿ ಏಳಕ್ಕೆ ಏಳೂ ಸೊನ್ನೆ ಬಂತು. "ಇವರನ್ನ ನಾಳೆನೇ ಕರೆಸ್ಬೇಕು" ಎಂದು ಆ ನಂಬರಿನ ಕೆಳಗೆ ಎರಡು ಗೆರೆ ಎಳೆಯಲು ಹೇಳಿದಳು. ಎಳೆದೆ.

ಅದರ ಮುಂದಿನದರಲ್ಲಿ ಏಳೂ ಬಿಲ್ಲೆಗಳ ಸುತ್ತ ಅಗಲವಾದ, ಚೊಕ್ಕ ಉಂಗುರಗಳು. ಅವಳು ತಟ್ಟೆಯನ್ನು ನನ್ನ ಕಡೆ ತಿರುಗಿಸಿ ಎತ್ತಿ ಹಿಡಿದಳು. "ಭೇಷ್" ಎಂದೆ, ಸ್ವಲ್ಪ ಜೋರಾಗಿಯೇ.

ಬರುವ ಹೊತ್ತಿಗೆ ಎರಡೂವರೆ. ಊಟ ಆರಿತ್ತು, ಬಸವಣ್ಣೆಮ್ಮ ಮುಖ ಊದಿಸಿಕೊಂಡಿದ್ದಳು. ನಾಳೆ ಇನ್ನೂ ಹನ್ನೊಂದು ತಟ್ಟೆ ಓದುವುದಿದೆಯಂತೆ. ಬೆಳಿಗ್ಗೆ ಬೇಗ ನಾಷ್ಟಾ ಮಾಡಿಕೊಡು, ನಾವಿಬ್ಬರೂ ಎಂಟೂವರೆಗೆ ಹೊರಡಬೇಕು ಎಂದು ಆಕೆಗೆ ಹೇಳಿದ್ದೇನೆ.